ಸೋರುವ ಗಾಡಿ, ಓದಲಾಗದ ಕಾಗದ



ಮಳೆಗಾಲ ಶುರುವಾಯಿತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಹುಡುಗರ ಗಾಡಿಗಳು ಘಾಟಿ ಇಳಿದು ನಮ್ಮ ಕಾಪು, ಮಲ್ಪೆ ಕಡೆ ಬರುತ್ತವೆ. ಈಚೆಗೆ ಅವುಗಳಲ್ಲಿ ಹೊಸ ಜಾತಿಯೊಂದು ಕಾಣಿಸುತ್ತಿದೆ. ಪಿಕಪ್ ಗಾಡಿಯ ಬೆನ್ನ ಮೇಲೆ ಪ್ಲೈವುಡ್ಡಿನದೋ ಫೈಬರಿನದೋ ಒಂದು ಗೂಡು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಬ್ಯಾಟರಿ, ಪುಟ್ಟ ಕಿಟಕಿ. ಅದಕ್ಕೆ ಕ್ಯಾಂಪರ್ ಎಂದು ಹೆಸರು. ಒಳ್ಳೆಯದೇ ಆಯಿತು. ನಮ್ಮ ಹುಡುಗರು ತಮ್ಮ ನಾಡನ್ನು ತಾವೇ ಸುತ್ತಿ ನೋಡಲಿ.

ಆದರೆ ಶೋರೂಮಿನಲ್ಲಿ ಫಳಫಳ ಹೊಳೆಯುತ್ತಿದ್ದ ಗೂಡು ಕರಾವಳಿಯ ಮೊದಲ ರಾತ್ರಿಯೇ ಸೋರುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಉಡುಪಿಯಲ್ಲಿ ನಾಲ್ಕು ಸಾವಿರ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಪೇಟೆಯೇ ನೀರಿನಲ್ಲಿ ನಿಂತಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕಾಪು ಕಡಲ ತೀರವನ್ನು ಹೊಡೆದಾಗ ಮಳೆ ಮೇಲಿನಿಂದ ಬೀಳಲಿಲ್ಲ, ಅಡ್ಡಕ್ಕೆ ಹೊಡೆಯಿತು. ಇಂಥ ಊರಿಗೆ ಒಣ ಊರಿನ ಅಂಟು, ಒಣ ಊರಿನ ರಬ್ಬರು ಸಾಕಾದೀತೇ?

ನಾನು ಇನ್ನಂಜೆಯ ಅಚ್ಚಿನ ಮನೆಯವನು. ಕಾಗದ ತರಲು, ಲಗ್ನಪತ್ರಿಕೆ, ಆಟದ ಕರಪತ್ರ ತಲುಪಿಸಲು ಹಿಂದೆ ಮುಚ್ಚಿದ ಡಬ್ಬಿಯ ಪಿಕಪ್ ಇಟ್ಟುಕೊಂಡಿದ್ದೇನೆ. ಆ ಡಬ್ಬಿ ಹೊಸದರಲ್ಲೇ ಸೋರಿತು. ಕಾಗದಕ್ಕೆ ತೇವ ತಗುಲಿದರೆ ಅಂಚು ಅಲೆಯಾಗುತ್ತದೆ, ಮೆಷಿನ್ ಎತ್ತುವುದಿಲ್ಲ, ಎತ್ತಿದರೆ ಎರಡೆರಡು ಹಾಳೆ ಎತ್ತುತ್ತದೆ. ಒಂದಿಡೀ ಲೋಡು ರದ್ದಿಗೆ ಹೋಯಿತು. ಡಬ್ಬಿ ಕಟ್ಟಿಕೊಟ್ಟವರ ಸರ್ವಿಸ್ ಕೌಂಟರಿಗೆ ಹೋದರೆ ಅಲ್ಲಿದ್ದ ಹುಡುಗ ತಲೆಯೆತ್ತದೆ ಹೇಳಿದ್ದು: "ಹಿಂದೀ ಮೇ ಬೋಲಿಯೇ." ಮೂರು ಸಲ ಓಡಾಡಿಸಿದರು. ಚಾಸಿಸ್ ಕಂಪನಿಯವರು ಡಬ್ಬಿ ನಮ್ಮದಲ್ಲ ಎಂದರು, ಡಬ್ಬಿಯವರು ಚಾಸಿಸ್ ಅಲುಗಿದ್ದರಿಂದ ಹೀಗಾಯಿತು ಎಂದರು, ಮಾರಿದವನು ಫೋನೇ ಎತ್ತಲಿಲ್ಲ. ಎಂತ ಮಾರಾಯರೇ, ಗಾಡಿ ಒಂದು, ಯಜಮಾನರು ಮೂವರು, ಹೊಣೆ ಮಾತ್ರ ಯಾರದ್ದೂ ಅಲ್ಲ!

ಜಾಬ್ ಕಾರ್ಡ್ ಎಂಬ ಹಾಳೆಯಲ್ಲಿ ಆ ಹುಡುಗ ಬರೆದದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟೇ: ಸಾಮಾನ್ಯ ತಪಾಸಣೆ. ಸೋರಿಕೆ ಎಂಬ ಮಾತೇ ಇಲ್ಲ. ನಾನು ಅಚ್ಚು ಹಾಕುವವನಾದ್ದರಿಂದ ಯಾವ ಹಾಳೆ ಬಂದರೂ ಓದಿಯೇ ಕೆಳಗಿಡುವ ಚಾಳಿ. ಸಹಿ ಹಾಕಲಿಲ್ಲ. "ಮಾಡು ಸೋರುತ್ತದೆ, ಬಲಮೂಲೆಯಲ್ಲಿ ನೀರು" ಎಂದು ಕನ್ನಡದಲ್ಲಿ ಬರೆದು, ತಾರೀಕು ಹಾಕಿ, ಅದರ ಕೆಳಗೆ ಸಹಿ ಮಾಡಿ ಫೋಟೋ ತೆಗೆದುಕೊಂಡೆ. ಆ ಒಂದು ಸಾಲಿನಿಂದಲೇ ಮುಂದೆ ದುರಸ್ತಿಯಾಯಿತು. ಇಲ್ಲವಾದರೆ ವಾರಂಟಿ ಮುಗಿದ ಮೇಲೆ "ನೀವು ಸೋರಿಕೆಯ ಬಗ್ಗೆ ಹೇಳಿಯೇ ಇಲ್ಲವಲ್ಲ" ಎಂದು ಅದೇ ಹಾಳೆಯನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು.

ಗೆಳೆಯರೇ, ಭಾಷೆಯ ಪ್ರಶ್ನೆ ಇರುವುದು ಇಲ್ಲಿ. ನಾಮಫಲಕಕ್ಕೆ ಬಣ್ಣ ಬಳಿಯುವ ಹೋರಾಟ ಬೇಕು, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಜೇಬಿನಿಂದ ಲಕ್ಷಗಟ್ಟಲೆ ಹಣ ಹೋಗುವುದು ನಾಮಫಲಕದಿಂದಲ್ಲ, ಕೌಂಟರಿನ ಮೇಲೆ ಸಣ್ಣ ಅಕ್ಷರದಲ್ಲಿ ಬರುವ ಪರಭಾಷೆಯ ಹಾಳೆಯಿಂದ. ವಾರಂಟಿ ಪುಸ್ತಕ, ಜಾಬ್ ಕಾರ್ಡು, "ಕೆಲಸ ತೃಪ್ತಿಕರ" ಎಂದು ಬರೆಸಿಕೊಳ್ಳುವ ಚೀಟಿ, ವಿಮೆಯ ಷರತ್ತು, ಇವು ಯಾವುದೂ ಕನ್ನಡದಲ್ಲಿ ಇರುವುದಿಲ್ಲ. ಮಾರುವಾಗ ಮಾತ್ರ "ನಮಸ್ಕಾರ ಸಾರ್, ಬನ್ನಿ" ಎಂಬ ಅಚ್ಚಗನ್ನಡ! ನಮ್ಮಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ ಏನೇ ಇರಲಿ, ವ್ಯವಹಾರದ ಕಾಗದ ಕನ್ನಡದಲ್ಲಿರಲಿ ಎಂದು ಕೇಳುವುದರಲ್ಲಿ ಯಾವ ಜಗಳವೂ ಇಲ್ಲ. ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಕಾಯ್ದೆ ಪುಸ್ತಕದಲ್ಲಿದೆ, ಕೌಂಟರಿಗೆ ಅದನ್ನು ತರಬೇಕಾದವರು ನೀವು.

ಜಗಳಕ್ಕೆ ಹೋಗುವ ಮೊದಲು ನೀರಿನ ದಾರಿ ತಿಳಿದುಕೊಳ್ಳಿ. ಅದು ತಿಳಿದವನನ್ನು ಮೆಕ್ಯಾನಿಕ್ ಕೂಡ ಸುಲಭಕ್ಕೆ ಯಾಮಾರಿಸಲಾರ. ಗೂಡಿನ ಅಗಲವಾದ ತಗಡು ಸೋರುವುದು ಕಡಿಮೆ. ಸೋರುವುದು ಜೋಡಣೆಯಲ್ಲಿ, ಸ್ಕ್ರೂ ಕೊರೆದ ತೂತಿನಲ್ಲಿ, ಗಾಳಿಕಿಂಡಿಗೆ ಮಾಡು ಕತ್ತರಿಸಿದಲ್ಲಿ, ಕಿಟಕಿಯ ರಬ್ಬರಿನಲ್ಲಿ, ಹಿಂದಿನ ದೀಪಕ್ಕೆ ವಯರು ಹೋಗುವ ಸಂದಿನಲ್ಲಿ. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ತೂತು ದೊಡ್ಡದಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಿಸಿ. ಹಳೆಯ ಸಿಲಿಕಾನಿನ ಮೇಲೆ ಹೊಸ ಸಿಲಿಕಾನು ಬಳಿದರೆ ಅದು ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿ ಮತ್ತೆ ಹಾಕಬೇಕು. ಇದನ್ನು ಮಾಡದೆ ಮೇಲೆ ಮೇಲೆ ಟ್ಯೂಬು ಹಿಂಡಿ ಕಳುಹಿಸುವುದೇ ಹೆಚ್ಚಿನ ವರ್ಕ್‌ಶಾಪುಗಳ "ದುರಸ್ತಿ".

ಪ್ಲೈವುಡ್ ಕೊಳ್ಳುವಾಗ ಅಂಗಡಿಯವನು "ವಾಟರ್‌ಪ್ರೂಫ್" ಎಂದರೆ ನಂಬಬೇಡಿ, ಹಲಗೆಯ ಮೇಲಿನ ಐ.ಎಸ್. ಮುದ್ರೆ ನೋಡಿ. ಐ.ಎಸ್. 303 ಎಂದಿದ್ದರೆ ಅದು ಸಾಮಾನ್ಯ ಕೆಲಸದ ಹಲಗೆ. ಐ.ಎಸ್. 710 ಎಂದಿದ್ದರೆ ಅದು ದೋಣಿಕೆಲಸದ ದರ್ಜೆ. ಅದನ್ನೂ ಕತ್ತರಿಸಿದ ಅಂಚಿಗೆ ಬಣ್ಣವೋ ರಾಳವೋ ಬಳಿಯದೆ ಬಿಟ್ಟರೆ ನೀರು ಕುಡಿದು ಉಬ್ಬುತ್ತದೆ.

ಗಾಡಿ ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. ಒಬ್ಬ ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬ ಹೊರಗಿನಿಂದ ಪೈಪು ಹಿಡಿಯಲಿ. ನೀರನ್ನು ಕೆಳಗಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ಒಯ್ಯಿರಿ. ಮೇಲಿನಿಂದಲೇ ಸುರಿದರೆ ಎಲ್ಲಿಂದ ನುಗ್ಗಿತೆಂದು ಗೊತ್ತಾಗುವುದಿಲ್ಲ. ನಿಲ್ಲಿಸುವಾಗ ನೀರು ಹರಿದುಹೋಗುವಂತೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಮರದ ಕೆಳಗೆ ನಿಲ್ಲಿಸಿದರೆ ಎಲೆ ಬಿದ್ದು ನೀರು ಇಳಿಯುವ ತೂತು ಕಟ್ಟುತ್ತದೆ.

ಕಂಪನಿಯವರ ಬಾಯಲ್ಲಿ ಸದಾ ಸಿದ್ಧವಿರುವ ಉತ್ತರವೊಂದಿದೆ: "ಅದು ಸೋರಿಕೆಯಲ್ಲ ಸಾರ್, ಒಳಗಿನ ಆವಿ." ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅಪಾಯ. ಮುಚ್ಚಿದ ಗೂಡಿನಲ್ಲಿ ಇಬ್ಬರು ಮಲಗಿ ಚಹಾ ಕಾಯಿಸಿದರೆ ಬೆಳಗ್ಗೆ ತಗಡಿನಿಂದ ನಿಜಕ್ಕೂ ಹನಿ ಬೀಳುತ್ತದೆ. ಎರಡೂ ಬದಿಯ ಕಿಂಡಿ ತೆರೆದಿಟ್ಟರೆ ಅದು ಕಡಿಮೆಯಾಗುತ್ತದೆ. ಹಾಗಾದರೆ ಕೌಂಟರಿನಲ್ಲಿ ವಾದ ಮಾಡುವುದು ಹೇಗೆ? ಗೂಡನ್ನು ಒರೆಸಿ ಒಣಗಿಸಿ, ಯಾರೂ ಒಳಗೆ ಮಲಗದೆ, ಅವರ ಅಂಗಳದಲ್ಲೇ ಪೈಪು ಹಿಡಿಯಿರಿ, ಮೊಬೈಲಿನಲ್ಲಿ ಚಿತ್ರಿಸಿ. ನೀರು ಬಂದರೆ ಅದು ಯಾರ ಉಸಿರೂ ಅಲ್ಲ.

ರಸ್ತೆಯಲ್ಲಿ ನೀರು ನಿಂತಿರುವಾಗ ಇಂಜಿನ್ ಆಫ್ ಆದರೆ ಮತ್ತೆ ಚಾವಿ ತಿರುಗಿಸಬೇಡಿ. ಸಿಲಿಂಡರಿನೊಳಗೆ ಹೋದ ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ, ಒಳಗಿನ ರಾಡು ಬಾಗುತ್ತದೆ. ಆಮೇಲೆ ವಿಮೆಯವರು ಇದು ನೀವೇ ಮಾಡಿಕೊಂಡ ನಷ್ಟ ಎನ್ನುತ್ತಾರೆ. ಇಂಜಿನ್ ರಕ್ಷಣೆ ಎಂಬ ಹೆಚ್ಚುವರಿ ವಿಮೆ ನಿಮ್ಮ ಪಾಲಿಸಿಯಲ್ಲಿ ಇದೆಯೇ ಎಂದು ಮಳೆಗೆ ಮೊದಲೇ ನೋಡಿಕೊಳ್ಳಿ. ಹಾಗೆಯೇ ಪಿಕಪ್ಪಿನ ಮೇಲೆ ಗೂಡು ಕಟ್ಟಿಸುವುದು ಗಾಡಿಯ ರೂಪ ಬದಲಿಸುವುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ಆರ್.ಸಿ.ಯಲ್ಲಿ ದಾಖಲಾಗಬೇಕು. ದಾಖಲಾಗದಿದ್ದರೆ ಪರಿಹಾರ ಕೊಡದಿರಲು ವಿಮೆಯವರಿಗೆ ನೀವೇ ನೆಪ ಕೊಟ್ಟಂತೆ.

ಇಷ್ಟೆಲ್ಲ ಮಾಡಿಯೂ ಅವರು ಬಗ್ಗದಿದ್ದರೆ? ಬಳಕೆದಾರರ ಹೋರಾಟ ನಮ್ಮ ಉಡುಪಿ ಜಿಲ್ಲೆಗೆ ಹೊಸತಲ್ಲ. 1980ರ ದಶಕದಲ್ಲೇ ಡಾ. ರವೀಂದ್ರನಾಥ ಶಾನುಭಾಗರಂಥವರು ಬಳಕೆದಾರರ ವೇದಿಕೆ ಕಟ್ಟಿ ಈ ಕರಾವಳಿಯಲ್ಲಿ ಜನರಿಗೆ ದೂರು ಬರೆಯಲು ಕಲಿಸಿದರು. ಆಗಿನ 1986ರ ಕಾಯ್ದೆಯ ಜಾಗದಲ್ಲಿ ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರ ದೊಡ್ಡ ಲಾಭ: ಗಾಡಿ ಪುಣೆಯಲ್ಲಿ ಕೊಂಡಿರಿ, ದಿಲ್ಲಿಯಲ್ಲಿ ಕೊಂಡಿರಿ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಅವರು ನಿಮ್ಮ ಊರಿಗೆ ಬರಬೇಕು! ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಐವತ್ತು ಲಕ್ಷದವರೆಗೆ ಜಿಲ್ಲಾ ಆಯೋಗವೇ ಕೇಳುತ್ತದೆ. ವಕೀಲರಿಲ್ಲದೆ ನೀವೇ ನಿಂತು ಹೇಳಬಹುದು. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್ಲು ಕೊಡದಿರುವುದೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ.

ಒಂದು ಕೊಕ್ಕೆ ಇದೆ. ಸರಕು ಗಾಡಿ ಎಂದು ನೋಂದಣಿಯಾಗಿದ್ದರೆ "ಇದು ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ" ಎಂದು ಅವರ ವಕೀಲರು ಎದ್ದು ನಿಲ್ಲುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಗಾಡಿ ಬಳಸುವವನು ಗ್ರಾಹಕನೇ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ. ಇದನ್ನು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ.

ಆಯೋಗಕ್ಕೆ ಹೋಗುವ ಮೊದಲು 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಕನ್ನಡವನ್ನೇ ಆರಿಸಿಕೊಳ್ಳಿ. "ನನಗೆ ಇಂಗ್ಲಿಷ್ ಬರುತ್ತದಲ್ಲ" ಎಂದು ನಮ್ಮ ನಗರದ ಹುಡುಗರೇ ಇಂಗ್ಲಿಷ್ ಒತ್ತುತ್ತಾರೆ. ನಿಮಗೆ ಬರುತ್ತದೆ, ನಿಜ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಟೆಂಪೋ ಚಾಲಕನಿಗೆ? ಶಂಕರಪುರದ ಮಲ್ಲಿಗೆ ಹೊತ್ತು ಹೋಗುವ ಗಾಡಿಯವನಿಗೆ? ನೀವು ಕನ್ನಡ ಕೇಳದಿದ್ದರೆ ನಾಳೆ ಕೇಳುವವರೇ ಇಲ್ಲವೆಂದು ಆ ಸೌಲಭ್ಯ ಎತ್ತಿಹಾಕುತ್ತಾರೆ.

ಇನ್ನೊಂದು ಮಾತು. ಕೌಂಟರಿನ ಹುಡುಗನ ಮೇಲೆ ಕೈ ಮಾಡಬೇಡಿ, ಬೈಯಬೇಡಿ. ಅವನೂ ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವನು, ಕನ್ನಡ ಕಲಿಸದೆ ಅವನನ್ನು ಅಲ್ಲಿ ಕೂರಿಸಿದವನು ಎ.ಸಿ. ಕೋಣೆಯಲ್ಲಿದ್ದಾನೆ. ಪತ್ರ ಬರೆಯಬೇಕಾದದ್ದು ಆ ಎ.ಸಿ. ಕೋಣೆಗೆ, ಸ್ಪೀಡ್ ಪೋಸ್ಟಿನಲ್ಲಿ, ಕನ್ನಡದಲ್ಲಿ, ಹದಿನೈದು ದಿನದ ಗಡುವು ಕೊಟ್ಟು.

ಆ ಪತ್ರದ ನಮೂನೆಯನ್ನು ಈ ಸಂಚಿಕೆಯ ಹಿಂಬದಿ ಪುಟದಲ್ಲಿ ಅಚ್ಚು ಹಾಕಿದ್ದೇವೆ. ಗಾಡಿಯ ನಂಬರು, ಕೊಂಡ ತಾರೀಕು, ಸೋರಿದ ಜಾಗ ತುಂಬಿಸಿದರೆ ಸಾಕು. ಕತ್ತರಿಸಿಕೊಳ್ಳಿ, ನಕಲು ತೆಗೆಸಿ ಗೆಳೆಯರಿಗೂ ಹಂಚಿ. ಅನುಮತಿ ಕೇಳುವುದು ಬೇಡ.

— ಸಂಪಾದಕ