ಅಣ್ಣತಮ್ಮಂದಿರ ಆಟ, ನಮ್ಮ ಚಪ್ಪಾಳೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಚುನಾವಣೆ ಸಮೀಪಿಸಿದಾಗ ಚಹಾದಂಗಡಿಯ ಬಾಕಿನ ಮೇಲೆ ಕುಳಿತವರ ಮುಖದಲ್ಲಿ ಒಂದು ಬಗೆಯ ನಗು ಮೂಡುತ್ತದೆ. "ಅಣ್ಣ ಆ ಪಾರ್ಟಿ, ತಮ್ಮ ಈ ಪಾರ್ಟಿ, ಯಾರು ಗೆದ್ದರೂ ಗೆಲ್ಲೂದು ಸಾಹುಕಾರರ ಮನೀನಽ" ಎಂದು ಒಬ್ಬರು ಹೇಳುತ್ತಾರೆ, ಉಳಿದವರು ನಗುತ್ತಾರೆ, ಚಹಾ ತಣ್ಣಗಾಗುತ್ತದೆ. ನೀವೂ ನಕ್ಕಿರುತ್ತೀರಿ. ಈ ನಗು ನಿರಪರಾಧಿಯಲ್ಲವೆಂಬುದು ನನ್ನ ವಾದ. ಅದು ನಮಗೆ ಬಹಳ ದುಬಾರಿಯಾಗಿ ಪರಿಣಮಿಸಿದೆ.

ಮೊದಲು ದೂರದ ಒಂದು ಮನೆಗೆ ಹೋಗಿ ಬರೋಣ. ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ 1981ರ ಸೆಪ್ಟೆಂಬರ್‌ನಲ್ಲಿ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ಎಂಬ ಹಾಸ್ಯ ಧಾರಾವಾಹಿ ಆರಂಭವಾಯಿತು. ಬರೆದವರು ಜಾನ್ ಸುಲಿವನ್. ಲಂಡನ್ನಿನ ಪೆಕ್‌ಹ್ಯಾಮ್ ಎಂಬ ಬಡಾವಣೆಯ ಬಹುಮಹಡಿ ಕಟ್ಟಡದಲ್ಲಿ ಡೆಲ್ ಮತ್ತು ರಾಡ್ನಿ ಎಂಬ ಅಣ್ಣತಮ್ಮಂದಿರು. ಅಣ್ಣ ಬಾಯಿಬಡುಕ, ಬೀದಿ ವ್ಯಾಪಾರಿ, ಮುಂದಿನ ವರ್ಷ ಈ ಹೊತ್ತಿಗೆ ಲಕ್ಷಾಧೀಶನಾಗುವೆನೆಂದು ಪ್ರತಿ ವರ್ಷವೂ ನಂಬುವವನು. ತಮ್ಮ ಸ್ವಲ್ಪ ಓದಿದವನು, ಮನಸ್ಸಾಕ್ಷಿಯ ಕಾಟವುಳ್ಳವನು. ತಾಯಿ ತೀರಿಕೊಂಡಿದ್ದಾಳೆ, ತಂದೆ ಬಿಟ್ಟುಹೋಗಿದ್ದಾನೆ, ತಮ್ಮನನ್ನು ಬೆಳೆಸಿದವನು ಅಣ್ಣನೇ. ಪ್ರತಿ ವಾರ ಜಗಳ, ಪ್ರತಿ ವಾರ ರಾಜಿ. 1996ರ ಡಿಸೆಂಬರ್ 29ರಂದು ಪ್ರಸಾರವಾದ ಕಂತನ್ನು ಆ ದೇಶದಲ್ಲಿ ಎರಡು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅದರಲ್ಲಿ ಅಣ್ಣತಮ್ಮಂದಿರಿಗೆ ತಮ್ಮದೇ ಅಡ್ಡಾದಿಡ್ಡಿ ಸಾಮಾನುಗಳ ನಡುವೆ ಹಳೆಯ ಗಡಿಯಾರವೊಂದು ಸಿಕ್ಕಿ, ಅದು ಹರಾಜಿನಲ್ಲಿ ಲಕ್ಷಾಂತರ ಪೌಂಡಿಗೆ ಮಾರಾಟವಾಗಿ, ಕೊನೆಗೂ ಅವರು ಶ್ರೀಮಂತರಾಗುತ್ತಾರೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 2001ರಲ್ಲಿ ಧಾರಾವಾಹಿ ಮತ್ತೆ ಬಂದಾಗ ಹಣವೆಲ್ಲ ಕಳೆದುಹೋಗಿ ಇಬ್ಬರೂ ಅದೇ ಹಳೆಯ ಮನೆಗೆ ಮರಳಿದ್ದರು.

ಈ ಬಗೆಯ ಹಾಸ್ಯದ ಜೀವಾಳವೇ ಇದು. ಎಷ್ಟೇ ಗದ್ದಲವಾಗಲಿ, ಮುಂದಿನ ವಾರ ಎಲ್ಲವೂ ಇದ್ದ ಸ್ಥಿತಿಗೆ ಬರಬೇಕು. ಅಣ್ಣ ಬದಲಾಗಬಾರದು, ತಮ್ಮ ಮನೆ ಬಿಡಬಾರದು. ನೋಡುವವನಿಗೆ ಆ ಜಗಳದಿಂದ ಕೂದಲೂ ಕೊಂಕುವುದಿಲ್ಲವಾದ್ದರಿಂದ ಅವನು ಹೊಟ್ಟೆತುಂಬ ನಗಬಲ್ಲ. ಪರದೆಯ ಮೇಲೆ ಇದು ಸೊಗಸು, ನನಗೂ ಪ್ರಿಯವೇ. ಮತಗಟ್ಟೆಗೆ ಇದೇ ಮನಸ್ಸನ್ನು ಹೊತ್ತು ಹೋಗುವುದು ಮಾತ್ರ ಬೇರೆಯೇ ಸಂಗತಿ.

ಈಗ ನಮ್ಮ ಊರಿಗೆ ಬರೋಣ. ಗೋಕಾಕದ ಜಾರಕಿಹೊಳಿ ಮನೆತನದ ಐವರು ಸಹೋದರರು ರಮೇಶ, ಸತೀಶ, ಭೀಮಶಿ, ಬಾಲಚಂದ್ರ, ಲಖನ್. ರಮೇಶ ಅವರು 1999ರಿಂದ ಗೋಕಾಕ ಕ್ಷೇತ್ರವನ್ನು ಪ್ರತಿನಿಧಿಸಿದವರು. 2018ರವರೆಗೆ ಕಾಂಗ್ರೆಸ್, 2019ರಿಂದ ಭಾರತೀಯ ಜನತಾ ಪಕ್ಷ. ಸತೀಶ ಅವರು 2008ರಿಂದ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಮೀಸಲು ಕ್ಷೇತ್ರದಿಂದ ಕಾಂಗ್ರೆಸ್ಸಿನಲ್ಲಿ ಗೆಲ್ಲುತ್ತ ಬಂದು 2023ರಲ್ಲಿ ಲೋಕೋಪಯೋಗಿ ಸಚಿವರಾದರು. ಬಾಲಚಂದ್ರ ಅವರು 2004ರಿಂದ ಮೂಡಲಗಿಯನ್ನೊಳಗೊಂಡ ಅರಭಾವಿ ಕ್ಷೇತ್ರದಲ್ಲಿ ಮೊದಲು ಜನತಾದಳ, 2008ರ ಕೊನೆಯಿಂದ ಬಿ.ಜೆ.ಪಿ. ಲಖನ್ ಅವರು 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಬಂದರು. ಆ ಚುನಾವಣೆಯಲ್ಲಿ ಸೋತದ್ದು ಅವರ ಇಬ್ಬರು ಅಣ್ಣಂದಿರ ಪಕ್ಷದ ಅಧಿಕೃತ ಅಭ್ಯರ್ಥಿ. ಪೆಕ್‌ಹ್ಯಾಮಿನ ಕಥೆಗಾರನಿಗೂ ಇಷ್ಟು ಕಲ್ಪನೆ ಹೊಳೆಯುತ್ತಿತ್ತೋ ಇಲ್ಲವೋ.

ಇನ್ನೂ ಕೇಳಿ. 2018ರ ಡಿಸೆಂಬರ್‌ನಲ್ಲಿ ಕುಮಾರಸ್ವಾಮಿಯವರ ಸಂಪುಟದಿಂದ ರಮೇಶ ಅವರನ್ನು ಕೈಬಿಟ್ಟಾಗ ಅದೇ ವಿಸ್ತರಣೆಯಲ್ಲಿ ಒಳಬಂದವರು ಸತೀಶ. ಮರುವರ್ಷ ಗೋಕಾಕದ ಉಪಚುನಾವಣೆಯಲ್ಲಿ ಬಿ.ಜೆ.ಪಿ.ಯಿಂದ ರಮೇಶ, ಕಾಂಗ್ರೆಸ್ಸಿನಿಂದ ತಮ್ಮ ಲಖನ್. ಲಖನ್ ಪರ ಸತೀಶ ಪ್ರಚಾರಕ್ಕೆ ನಿಂತರು, ರಮೇಶ ಪರ ಬಾಲಚಂದ್ರ. 2018ರಲ್ಲಿ ಬಿ.ಜೆ.ಪಿ.ಯಿಂದ ರಮೇಶ ಅವರ ಎದುರು ನಿಂತಿದ್ದ ಅಶೋಕ ಪೂಜಾರಿಯವರು ಈ ಸಲ ಜನತಾದಳದ ಅಭ್ಯರ್ಥಿ; ಎದುರಾಳಿಯೇ ಬಂದು ಮನೆಯೊಳಗೆ ಕುಳಿತ ಮೇಲೆ ಅವರು ಹೊರಗೆ ಹೋಗದೆ ಇನ್ನೇನು ಮಾಡಿಯಾರು! ರಮೇಶ ಅವರು ಸುಮಾರು 29 ಸಾವಿರ ಮತಗಳಿಂದ ಗೆದ್ದರು. ದೂರದರ್ಶನದ ಸುದ್ದಿವಾಹಿನಿಗಳಿಗೆ ಅದು ಹಬ್ಬದೂಟ. ಅಣ್ಣ ಏನೆಂದರು, ಅದಕ್ಕೆ ತಮ್ಮ ಏನೆಂದರು ಎಂಬುದೇ ದಿನವಿಡೀ.

ನಾವು ಆ ನಾಟಕ ನೋಡುತ್ತಿದ್ದಾಗ ಏನನ್ನು ನೋಡಲಿಲ್ಲ? ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ಓದಿರಿ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿತ್ತು. ಜುಲೈ 25ರಂದು ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ಮೂವರು ಶಾಸಕರನ್ನು ಅನರ್ಹಗೊಳಿಸಿದರು. ಗೋಕಾಕದ ಶಾಸಕರು ಅವರಲ್ಲಿ ಒಬ್ಬರು. ಮರುದಿನ ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ಆಗಸ್ಟ್ 20ರವರೆಗೆ ಸಂಪುಟದಲ್ಲಿ ಇದ್ದವರು ಅವರೊಬ್ಬರೇ. ಈ ಎರಡು ತಾರೀಖುಗಳ ನಡುವೆಯೇ, ಆಗಸ್ಟ್ ಮೊದಲ ಹದಿನೈದು ದಿನಗಳಲ್ಲಿ, ಘಟಪ್ರಭೆ ಉಕ್ಕಿದಳು. ಮೇಲೆ ಹಿಡಕಲ್ ಜಲಾಶಯ ತುಂಬಿತು, ಮಾರ್ಕಂಡೇಯ ಬಂದು ಸೇರಿತು, ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ನದಿಬದಿಯ ಓಣಿಗಳಲ್ಲಿ ನೀರು ಮನೆಯ ಸೂರಿನವರೆಗೆ ಏರಿತು. ಮಣ್ಣಿನ ಗೋಡೆಗಳು ಕರಗಿದವು. ಜನ ಶಾಲೆಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಮಲಗಿದರು.

ಆ ಹೊತ್ತಿನಲ್ಲಿ ಗೋಕಾಕಕ್ಕೆ ಶಾಸಕರಿರಲಿಲ್ಲ. ಡಿಸೆಂಬರ್ 9ರ ಎಣಿಕೆಯವರೆಗೆ, ಅಂದರೆ ನಾಲ್ಕೂವರೆ ತಿಂಗಳು, ಆ ಪೀಠ ಖಾಲಿ ಇತ್ತು. ಅಕ್ಟೋಬರ್ 10ರಿಂದ 12ರವರೆಗೆ ವಿಧಾನಸಭೆ ಸೇರಿ ನೆರೆಯ ವಿಷಯ ಚರ್ಚಿಸಿದಾಗಲೂ ಖಾಲಿ ಇತ್ತು. ಮಾಜಿಗಳಾದವರೂ ಪರಿಹಾರದ ಕೆಲಸಕ್ಕೆ ನಿಲ್ಲಬಹುದು, ಸಹೋದರರು ಅಕ್ಕಪಕ್ಕದ ಕ್ಷೇತ್ರಗಳಿಂದ ಸಹಾಯಕ್ಕೆ ಬರಬಹುದು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬಿದ್ದ ಮನೆಗೆ ಎಷ್ಟು ಪರಿಹಾರ, ಯಾವ ವರ್ಗದ ಹಾನಿ, ಪಟ್ಟಿಯಿಂದ ಬಿಟ್ಟುಹೋದವರ ಗತಿ ಏನು ಎಂದು ಸದನದಲ್ಲಿ ಎದ್ದು ನಿಂತು ಕೇಳುವ ಹಕ್ಕು ಶಾಸಕರಿಗೆ ಮಾತ್ರ ಇದೆ. ಆ ಹಕ್ಕು ಅವರದ್ದಲ್ಲ, ನಮ್ಮದು. 2018ರ ಮೇ ತಿಂಗಳಿನಲ್ಲಿ ಐದು ವರ್ಷಕ್ಕೆಂದು ನಾವು ಕೊಟ್ಟು ಕಳುಹಿಸಿದ್ದು. ಇದ್ದಕ್ಕಿದ್ದಂತೆ ಅದು ಮುಂಬಯಿಯ ಹೋಟೆಲಿನಲ್ಲಿ ಪಣಕ್ಕೆ ಇಟ್ಟ ವಸ್ತುವಾಯಿತು. ಮಳೆ ಅದಕ್ಕಾಗಿ ಕಾಯಲಿಲ್ಲ.

ಇದು ಮೊದಲ ಸಲವೂ ಅಲ್ಲ. 2008ರ ಮೇ ತಿಂಗಳಿನಲ್ಲಿ ಅರಭಾವಿಯಲ್ಲಿ ಬಾಲಚಂದ್ರ ಅವರೂ ಹುಕ್ಕೇರಿಯಲ್ಲಿ ಉಮೇಶ ಕತ್ತಿಯವರೂ ಜನತಾದಳದಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ಡಿಸೆಂಬರ್‌ನಲ್ಲಿ ಬಿ.ಜೆ.ಪಿ.ಯಿಂದ ಮತ್ತೆ ಗೆದ್ದರು. ಏಳು ತಿಂಗಳಲ್ಲಿ ಎರಡು ಸಲ ಶಾಯಿ ಹಚ್ಚಿಸಿಕೊಂಡೆವು. ನೆರೆಹೊರೆಯ ಎರಡು ಕ್ಷೇತ್ರಗಳ ಮತದಾರರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಹೊಸ ಪಕ್ಷದ ಮುಖ್ಯಮಂತ್ರಿಯ ವಿರುದ್ಧವೇ ಬಂಡೆದ್ದವರಲ್ಲಿ ಬಾಲಚಂದ್ರ ಅವರೂ ಇದ್ದರು, ಸಭಾಧ್ಯಕ್ಷರು ಅನರ್ಹಗೊಳಿಸಿದರು, 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ಆ ತೀರ್ಪನ್ನು ಬಾಲಚಂದ್ರ ಜಾರಕಿಹೊಳಿ ವಿರುದ್ಧ ಯಡಿಯೂರಪ್ಪ ಎಂಬ ಹೆಸರಿನಿಂದಲೇ ಓದುತ್ತಾರೆ. ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಪಕ್ಷದವರು! ತೀರ್ಪು ನ್ಯಾಯವಾದದ್ದೇ, ಅವಸರದಲ್ಲಿ, ಹೇಳಿಕೊಳ್ಳಲು ಸಾಕಷ್ಟು ಅವಕಾಶ ಕೊಡದೆ ಯಾರನ್ನೂ ಹೊರಹಾಕಬಾರದು. ಆದರೆ ಆ ಏಳು ತಿಂಗಳೂ ಅರಭಾವಿಯ ಜನರಿಗೆ ಸದನದಲ್ಲಿ ಧ್ವನಿ ಇರಲಿಲ್ಲವೆಂಬುದು ಯಾವ ತೀರ್ಪಿನಿಂದಲೂ ಹಿಂದಿರುಗಿ ಬರುವಂಥದ್ದಲ್ಲ.

ಅಣ್ಣತಮ್ಮಂದಿರು ಒಂದೇ ಪಕ್ಷದಲ್ಲಿರಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಬಸಿರಿನಲ್ಲಿ ಹುಟ್ಟಿದವರಿಗೆ ಒಂದೇ ಬುದ್ಧಿ ಇರಬೇಕೆಂದು ಎಲ್ಲಿದೆ? ಏಸಾವನೂ ಯಾಕೋಬನೂ ಅವಳಿಗಳು. ಡಿಸೆಂಬರ್ 6ರ ಅಂಬೇಡ್ಕರ್ ಪರಿನಿರ್ವಾಣ ದಿನದಂದು ಸ್ಮಶಾನದಲ್ಲಿ ಸಭೆ ನಡೆಸಿ ಮೌಢ್ಯದ ವಿರುದ್ಧ ಮಾತನಾಡುವ ಸತೀಶ ಅವರ ನಿಲುವು ಸಹೋದರರ ಪಕ್ಷದ ನಿಲುವಿಗಿಂತ ಬೇರೆಯಾದದ್ದು, ಮತ್ತು ಆ ಭಿನ್ನತೆ ನಿಜವಾದದ್ದೆಂದೇ ನಾನು ತಿಳಿಯುತ್ತೇನೆ. ಒಳಒಪ್ಪಂದದ ಆರೋಪವೂ ನನ್ನದಲ್ಲ. ಅಂಥ ಆರೋಪಕ್ಕೆ ಸಾಕ್ಷ್ಯ ಬೇಕು, ಚಹಾದಂಗಡಿಯ ಕಣ್ಣುಮಿಟುಕು ಸಾಕ್ಷ್ಯವಾಗದು. ನನ್ನ ತಕರಾರು ಇನ್ನೂ ಸರಳವಾದದ್ದು. ಆ ಭಿನ್ನತೆಯಿಂದ ನಮ್ಮ ಊರಿನಲ್ಲಿ ಏನು ಬದಲಾಯಿತು?

ಇಂಗ್ಲೆಂಡಿನಲ್ಲಿಯೇ ಇನ್ನೊಂದು ಅಣ್ಣತಮ್ಮಂದಿರ ಜೋಡಿ ಇತ್ತು, ಹಾಸ್ಯದ್ದಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಲೇಬರ್ ಪಕ್ಷದ ನಾಯಕತ್ವಕ್ಕೆ ಡೇವಿಡ್ ಮಿಲಿಬ್ಯಾಂಡ್ ಮತ್ತು ತಮ್ಮ ಎಡ್ ಎದುರುಬದುರಾಗಿ, ಕೂದಲೆಳೆಯ ಅಂತರದಲ್ಲಿ ತಮ್ಮ ಗೆದ್ದ. ಅಣ್ಣ 2013ರಲ್ಲಿ ಸಂಸತ್ತನ್ನೇ ತೊರೆದು ವಿದೇಶಕ್ಕೆ ಹೋದರು. ಸೋತವನು ನಿಜವಾಗಿ ಸೋತ. ಆ ಮನೆಗೆ ಅದು ದುಃಖ, ಆದರೆ ಮತ ಹಾಕಿದವರಿಗೆ ತಮ್ಮ ಮತಕ್ಕೆ ತೂಕವಿದೆಯೆಂದು ತಿಳಿಯಿತು. ನಮ್ಮಲ್ಲಿ 2019ರಲ್ಲಿ ಸೋತ ತಮ್ಮ ಎರಡು ವರ್ಷದಲ್ಲಿ ಮೇಲ್ಮನೆಯಲ್ಲಿದ್ದರು. 2021ರಲ್ಲಿ ಬೆಳಗಾವಿ ಲೋಕಸಭೆಯ ಉಪಚುನಾವಣೆಯಲ್ಲಿ ಸ್ವಲ್ಪದರಲ್ಲಿ ಸೋತ ಸತೀಶ ಅವರ ಮನೆಯಿಂದ 2024ರಲ್ಲಿ ಮಗಳು ಪ್ರಿಯಾಂಕಾ ಚಿಕ್ಕೋಡಿಯಿಂದ ಲೋಕಸಭೆಗೆ ಹೋದರು. ಮುಂದಿನ ವಾರ ಎಲ್ಲರೂ ಅದೇ ಮನೆಯಲ್ಲಿ, ಅದೇ ಕುರ್ಚಿಗಳಲ್ಲಿ.

ಸಹಕಾರಿ ಸಂಘಗಳ ಚುನಾವಣೆಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆದಾಗ ಕಾಂಗ್ರೆಸ್ಸಿನ ಸತೀಶ ಅವರೂ ಬಿ.ಜೆ.ಪಿ.ಯ ಬಾಲಚಂದ್ರ ಅವರೂ ಒಂದೇ ಬಣದ ಪರ; ಎದುರಿನ ರಮೇಶ ಕತ್ತಿಯವರ ಬಣ ಗೆದ್ದಿತು. ಹಾಲು, ಸಾಲ, ಕಬ್ಬು, ವಿದ್ಯುತ್ತು, ಅಂದರೆ ರೈತನ ದಿನನಿತ್ಯದ ಬದುಕು ನಿಂತಿರುವುದು ಈ ಸಂಸ್ಥೆಗಳ ಮೇಲೆ. ಅಲ್ಲಿ ಪಕ್ಷವೆಂಬ ಅಂಗಿ ಕಳಚಿ ಮನೆತನವೆಂಬ ಮೈ ಕಾಣುತ್ತದೆ. ಕತ್ತಿಯವರದ್ದೂ ಮನೆತನವೇ, ಜೊಲ್ಲೆಯವರದ್ದೂ ಗಂಡಹೆಂಡಿರ ರಾಜಕೀಯವೇ. ಜಾರಕಿಹೊಳಿಯವರನ್ನು ಮಾತ್ರ ಹೆಸರಿಸಿ ಉಳಿದವರನ್ನು ಬಿಟ್ಟರೆ ಅನ್ಯಾಯವಾದೀತು.

"ಅಲ್ರೀ, ಕಷ್ಟಕ್ಕೆ ಆಗುವವರು ಅವರೇ ಅಲ್ಲವೇ?" ಎಂದು ನಿಮ್ಮಲ್ಲಿ ಅನೇಕರು ಕೇಳುವಿರಿ. ಇದು ತೂಕದ ಪ್ರಶ್ನೆ. ಮಗನ ಆಸ್ಪತ್ರೆ ಖರ್ಚಿಗೆ, ಮಗಳ ಕಾಲೇಜಿನ ಸೀಟಿಗೆ, ಜಾತ್ರೆಯ ಪೆಂಡಾಲಿಗೆ ಬೆಳಿಗ್ಗೆ ಎದ್ದು ಸಾಹುಕಾರರ ಮನೆಯ ಮುಂದೆ ನಿಂತವರು ಬರಿಗೈಯಲ್ಲಿ ಬರಲಿಲ್ಲವೆಂಬುದನ್ನು ನಾನು ಬಲ್ಲೆ. ಅವರ ಕೃತಜ್ಞತೆಯನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ಲೆಕ್ಕ ಹಾಕಿರಿ: ತಾಲ್ಲೂಕು ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಸಿಕ್ಕಿದ್ದರೆ ಆ ಮನೆಯ ಮೆಟ್ಟಿಲು ಹತ್ತುವ ಅಗತ್ಯವೇ ಇರುತ್ತಿರಲಿಲ್ಲ. ಹಕ್ಕಾಗಿ ಬರಬೇಕಾದದ್ದು ಉಪಕಾರವಾಗಿ ಬಂದಾಗ, ಪಡೆದವನು ಮತವನ್ನು ಸಾಲದ ಕಂತಿನಂತೆ ಕಟ್ಟುತ್ತಾನೆ. ಸಾಲಗಾರನು ಸಾಹುಕಾರನ ಪಕ್ಷ ಯಾವುದೆಂದು ಕೇಳುವುದಿಲ್ಲ. ಆಗ ಅಣ್ಣತಮ್ಮಂದಿರು ಎಷ್ಟು ಪಕ್ಷಗಳಲ್ಲಿ ಹಂಚಿಕೊಂಡರೂ ಒಂದೇ.

ತನ್ನ ಅಣ್ಣನಿಂದ ಆಸ್ತಿಯ ಪಾಲು ಕೊಡಿಸಬೇಕೆಂದು ಒಬ್ಬನು ಕೇಳಿದಾಗ ಯೇಸುಸ್ವಾಮಿ ಆ ಪಂಚಾಯಿತಿಗೆ ಕೂರಲು ನಿರಾಕರಿಸಿದ್ದನ್ನು ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಅಣ್ಣತಮ್ಮಂದಿರ ಪಾಲಿನ ಜಗಳ ಅವರ ಮನೆಯದು. ನಾವೇಕೆ ಅದನ್ನು ನಮ್ಮ ಓಣಿಗೆ ತಂದುಕೊಂಡು, ಯಾರ ಕೈ ಮೇಲಾಯಿತೆಂದು ಪಣ ಕಟ್ಟಿ ಕುಳಿತೆವು?

2024ರ ಜುಲೈ ಕೊನೆಯಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು. ಗೋಕಾಕದ ಅದೇ ಓಣಿಗಳಿಗೆ ಮತ್ತೆ ನೀರು ಬಂತು. ಆಗ ಗೋಕಾಕ ಮತ್ತು ಅರಭಾವಿಯ ಶಾಸಕರು ವಿರೋಧ ಪಕ್ಷದಲ್ಲಿದ್ದರು, ಅವರ ಸಹೋದರರು ಆಳುವ ಪಕ್ಷದಲ್ಲಿ, ಅದೂ ಸೇತುವೆಗಳ ಖಾತೆಯ ಸಚಿವರಾಗಿ. ಒಂದೇ ಸೇತುವೆಯ ವಿಷಯದಲ್ಲಿ ಎರಡೂ ಪಕ್ಷಗಳು ಒಂದೇ ಮನೆಯಲ್ಲಿ ಸಿಗುವ ಭಾಗ್ಯ ಕರ್ನಾಟಕದಲ್ಲಿ ಇನ್ನಾವ ಊರಿಗಿದೆ! ಮುಂದಿನ ಸಲ ಧ್ವಜ ಕಟ್ಟಿದ ಗಾಡಿ ನಿಮ್ಮ ಬಾಗಿಲಿಗೆ ಬಂದಾಗ, ಅದು ಯಾವ ಬಣ್ಣದ ಧ್ವಜವೇ ಆಗಿರಲಿ, ಅಣ್ಣ ಹೇಗಿದ್ದಾರೆ, ತಮ್ಮನ ಮೇಲೆ ಇನ್ನೂ ಸಿಟ್ಟೇ ಎಂದು ವಿಚಾರಿಸಬೇಡಿರಿ. 2019ರ ಜುಲೈ 25ರಿಂದ ಡಿಸೆಂಬರ್ 9ರವರೆಗೆ ನಮ್ಮ ಶಾಸಕರು ಯಾರಾಗಿದ್ದರು ಎಂದು ಕೇಳಿರಿ, ಮತ್ತು ಉತ್ತರ ಬರುವವರೆಗೆ ಬಾಗಿಲಲ್ಲಿ ನಿಂತಿರಿ.