ಊರಿನ ಹೆಸರೂ ಸರಕಿನ ಭಾಗವೇ: ಆಂಡಲುಸೈಟ್ ವ್ಯಾಪಾರ ಕಲಿಸುವ ಪಾಠ

ಒಂದೇ ಸರಕು ಒಂದೆಡೆ ಟನ್ನಿನ ಲೆಕ್ಕದಲ್ಲಿ, ಇನ್ನೊಂದೆಡೆ ಬಿಡಿ ಲೆಕ್ಕದಲ್ಲಿ, ಮತ್ತೊಂದೆಡೆ ಕ್ಯಾರೆಟ್ ಲೆಕ್ಕದಲ್ಲಿ ಮಾರಾಟವಾಗುವುದು ವಾಣಿಜ್ಯ ಕ್ಷೇತ್ರದಲ್ಲಿ ವಿರಳ. ಆಂಡಲುಸೈಟ್ ಎಂಬ ಖನಿಜ ಅಂತಹ ವಿರಳ ಸರಕುಗಳಲ್ಲೊಂದು. ಉಕ್ಕಿನ ಕಾರ್ಖಾನೆಯ ಕುಲುಮೆಗೆ ಅದು ಇಟ್ಟಿಗೆಯ ಕಚ್ಚಾವಸ್ತು. ಚಿನಿವಾರರಿಗೆ ಉಂಗುರದ ಹರಳು. ಖನಿಜ ಸಂಗ್ರಹಕಾರರಿಗೆ ಗಾಜಿನ ಕಪಾಟಿನಲ್ಲಿ ಜೋಪಾನವಾಗಿಡುವ ಮಾದರಿ. ಮೂರರಲ್ಲಿಯೂ ಇರುವ ಮೂಲವಸ್ತುಗಳು ಅವೇ: ಅಲ್ಯುಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕ. ಬೆಲೆ ಮಾತ್ರ ಬೇರೆ ಬೇರೆ. ಈ ಅಂತರ ಹುಟ್ಟುವುದೆಲ್ಲಿ ಎಂಬುದನ್ನು ಬಿಡಿಸಿ ನೋಡಿದರೆ ಕರ್ನಾಟಕದ ಕಲ್ಲಿನ ವರ್ತಕರಿಗೂ ಸಣ್ಣ ಕಟಿಂಗ್ ಹಾಗೂ ಪಾಲಿಷಿಂಗ್ ಘಟಕಗಳಿಗೂ ಉಪಯುಕ್ತವಾದ ಪಾಠವೊಂದು ದೊರೆಯುತ್ತದೆ.

ತಪ್ಪು ಚೀಟಿ ಕೊಟ್ಟ ಹೆಸರು

ಆಂಡಲುಸೈಟ್‌ಗೆ ಆ ಹೆಸರು ಬಂದದ್ದೇ ಒಂದು ತಪ್ಪಿನಿಂದ. 1798ರಲ್ಲಿ ಫ್ರೆಂಚ್ ವಿದ್ವಾಂಸ ಡೆಲಾಮೆಥೆರಿ ಈ ಖನಿಜಕ್ಕೆ ನಾಮಕರಣ ಮಾಡಿದಾಗ, ಮಾದರಿಯು ಸ್ಪೇನ್ ದೇಶದ ದಕ್ಷಿಣದ ಆಂಡಲೂಸಿಯಾ ಪ್ರಾಂತ್ಯದ್ದೆಂದು ಭಾವಿಸಲಾಗಿತ್ತು. ವಾಸ್ತವದಲ್ಲಿ ಅದು ದೊರೆತದ್ದು ಆ ದೇಶದ ಮಧ್ಯಭಾಗದ ಗ್ವಾದಲಹಾರಾ ಪ್ರಾಂತ್ಯದ ಎಲ್ ಕಾರ್ದೋಸೊ ಎಂಬ ಊರಿನ ಬಳಿ. ತಪ್ಪು ತಿಳಿಯುವ ಹೊತ್ತಿಗೆ ಹೆಸರು ನೆಲೆಯೂರಿತ್ತು. ಎರಡು ಶತಮಾನಗಳು ಕಳೆದರೂ ಅದನ್ನು ಬದಲಿಸಲಾಗಿಲ್ಲ. ಮೂಲಸ್ಥಳದ ವಿಷಯದಲ್ಲಿ ಒಮ್ಮೆ ನಡೆದ ಅಜಾಗರೂಕತೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕುಲುಮೆಯ ಸರಕು

ಇದೇ ರಾಸಾಯನಿಕ ಸಂಯೋಜನೆಯುಳ್ಳ ಇನ್ನೆರಡು ಖನಿಜಗಳಿವೆ: ಕಯನೈಟ್ ಮತ್ತು ಸಿಲಿಮನೈಟ್. ಭೂಮಿಯ ಒಳಗೆ ಒತ್ತಡ ಕಡಿಮೆಯಿದ್ದಲ್ಲಿ ಆಂಡಲುಸೈಟ್, ಒತ್ತಡ ಹೆಚ್ಚಿದ್ದಲ್ಲಿ ಕಯನೈಟ್, ಶಾಖ ಹೆಚ್ಚಿದ್ದಲ್ಲಿ ಸಿಲಿಮನೈಟ್ ರೂಪುಗೊಳ್ಳುತ್ತದೆ. ಮೂರನ್ನೂ ತೀವ್ರವಾಗಿ ಕಾಯಿಸಿದರೆ ಮುಲ್ಲೈಟ್ ಎಂಬ ಗಟ್ಟಿ ಪದಾರ್ಥ ಉಂಟಾಗುತ್ತದೆ. ಕುಲುಮೆಯ ಒಳಮೈಗೆ ಹೊದಿಸುವ ರಿಫ್ರ್ಯಾಕ್ಟರಿ ಇಟ್ಟಿಗೆಗೆ ತಾಳಿಕೆ ಬರುವುದು ಇದರಿಂದಲೇ. ಕಯನೈಟ್ ಕಾಯಿಸಿದಾಗ ಶೇ. 16ರಿಂದ 18ರಷ್ಟು ಹಿಗ್ಗುವುದರಿಂದ ಅದನ್ನು ಸಾಮಾನ್ಯವಾಗಿ ಮೊದಲೇ ಸುಟ್ಟು ಬಳಸಬೇಕಾಗುತ್ತದೆ. ಆಂಡಲುಸೈಟ್ ಹಿಗ್ಗುವುದು ಅತ್ಯಲ್ಪವಾದ್ದರಿಂದ ಸುಡದೆಯೇ ಇಟ್ಟಿಗೆಯ ಮಿಶ್ರಣಕ್ಕೆ ಸೇರಿಸಬಹುದು. ದಕ್ಷಿಣ ಆಫ್ರಿಕಾ, ಫ್ರಾನ್ಸ್ ಮತ್ತು ಪೆರು ದೇಶಗಳ ಗಣಿಗಳು ಬೆಳೆದದ್ದು ಈ ಬೇಡಿಕೆಯ ಮೇಲೆ. ಅಮೆರಿಕದ ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ ಗಣಿಯಿಂದ 1920ರ ದಶಕದಲ್ಲಿ ತೆಗೆಯತೊಡಗಿದ ಆಂಡಲುಸೈಟ್, ಮೋಟಾರು ವಾಹನಗಳ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿಗೆ ಬಳಕೆಯಾಯಿತು.

ಈ ವ್ಯಾಪಾರದಲ್ಲಿ ಕಲ್ಲಿನ ಅಂದಚೆಂದ ಯಾರಿಗೂ ಬೇಕಿಲ್ಲ. ಅಲ್ಯುಮಿನಾ ಅಂಶ ಎಷ್ಟು, ಕಬ್ಬಿಣದ ಕಲ್ಮಶ ಎಷ್ಟು ಎಂಬ ಪರೀಕ್ಷಾ ವರದಿಯೇ ಬೆಲೆ ನಿರ್ಧರಿಸುತ್ತದೆ. ಟನ್ನಿನ ಲೆಕ್ಕದ ಸರಕು ಕೂಡ ಒಂದು ಕಾಗದದ ಆಧಾರದ ಮೇಲೆಯೇ ಮಾರಾಟವಾಗುತ್ತದೆ ಎಂಬುದನ್ನು ಗಮನಿಸಬೇಕು.

ಉಂಗುರದ ಹರಳು

ಹರಳಾಗಿ ಕಡೆಯಲು ಯೋಗ್ಯವಾದ ಪಾರದರ್ಶಕ ಆಂಡಲುಸೈಟ್ ಮುಖ್ಯವಾಗಿ ಬ್ರೆಜಿಲ್ ಮತ್ತು ಶ್ರೀಲಂಕಾಗಳಿಂದ ಬರುತ್ತದೆ. ಇದರ ವೈಶಿಷ್ಟ್ಯವೆಂದರೆ ನೋಡುವ ದಿಕ್ಕು ಬದಲಾದಂತೆ ಬಣ್ಣ ಬದಲಾಗುವುದು. ಒಂದು ಕಡೆಯಿಂದ ಹಳದಿ ಮಿಶ್ರಿತ ಹಸಿರು ಕಂಡರೆ, ಮತ್ತೊಂದು ಕಡೆಯಿಂದ ಕೆಂಗಂದು ಕಾಣುತ್ತದೆ. ಅನೇಕ ಹರಳುಗಳಲ್ಲಿ ಇಂತಹ ಎರಡು ಬಣ್ಣಗಳು ಬೆರೆಯದಂತೆ ಕಡೆಯುವುದು ಕಸುಬಿನ ರೂಢಿ. ಆಂಡಲುಸೈಟ್‌ನಲ್ಲಿ ಎರಡೂ ಬಣ್ಣಗಳು ಮೇಲ್ಮುಖದಲ್ಲಿ ಒಟ್ಟಿಗೆ ಮಿನುಗುವಂತೆ ಕಚ್ಚಾ ಕಲ್ಲನ್ನು ತಿರುಗಿಸಿಟ್ಟು ಕಡೆಯುವವರೇ ನುರಿತವರು. ದಿಕ್ಕು ತಪ್ಪಿದರೆ ಅದೇ ಕಲ್ಲು ಮಂಕು ಹರಳಾಗುತ್ತದೆ. ಕಚ್ಚಾ ಕಲ್ಲಿನ ಬೆಲೆಗಿಂತ ಕಸುಬುದಾರನ ಕಣ್ಣಿನ ಬೆಲೆ ಇಲ್ಲಿ ದೊಡ್ಡದು.

ಮಾರುಕಟ್ಟೆಯಲ್ಲಿ ಇದಕ್ಕೆ ‘ಬಡವರ ಅಲೆಕ್ಸಾಂಡ್ರೈಟ್’ ಎಂಬ ಅಡ್ಡಹೆಸರಿದೆ. ಅಡ್ಡಹೆಸರು ಆಕರ್ಷಕವಾದರೂ ಅಪಾಯಕಾರಿ. ಅಲೆಕ್ಸಾಂಡ್ರೈಟ್ ಬಣ್ಣ ಬದಲಿಸುವುದು ಬೆಳಕು ಬದಲಾದಾಗ, ಅಂದರೆ ಹಗಲಿನಿಂದ ದೀಪದ ಬೆಳಕಿಗೆ ತಂದಾಗ. ಆಂಡಲುಸೈಟ್ ಒಂದೇ ಬೆಳಕಿನಲ್ಲಿ ದಿಕ್ಕಿಗೊಂದು ಬಣ್ಣ ತೋರುತ್ತದೆ. ಎರಡೂ ಬೇರೆ ಖನಿಜಗಳು, ಬೆಲೆಯಲ್ಲಿಯೂ ಅಜಗಜಾಂತರವಿದೆ. ಇನ್ನು ಟೂರ್ಮಲಿನ್ ಎಂಬ ಹರಳಂತೂ ಬರಿಗಣ್ಣಿಗೆ ಆಂಡಲುಸೈಟ್‌ನ ತದ್ರೂಪಿನಂತೆ ಕಾಣಬಲ್ಲದು. ವಕ್ರೀಭವನ ಸೂಚ್ಯಂಕ ಎರಡರಲ್ಲಿಯೂ ಸುಮಾರು 1.62ರಿಂದ 1.64ರ ಆಸುಪಾಸಿನಲ್ಲಿಯೇ ಇದೆ. ಆದರೆ ಬೆಳಕನ್ನು ಇಬ್ಬಗೆಯಾಗಿ ಸೀಳುವ ಪ್ರಮಾಣ ಟೂರ್ಮಲಿನ್‌ನಲ್ಲಿ ಸಾಮಾನ್ಯವಾಗಿ 0.018ಕ್ಕೂ ಮೇಲೆ, ಆಂಡಲುಸೈಟ್‌ನಲ್ಲಿ 0.013ರ ಒಳಗೆ. ರಿಫ್ರ್ಯಾಕ್ಟೋಮೀಟರ್ ಬಳಸಲು ಬಲ್ಲವರು ಈ ವ್ಯತ್ಯಾಸವನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸಬಲ್ಲರು. ಉಪಕರಣವಿಲ್ಲದೆ ಊಹೆಯ ಮೇಲೆ ಹೆಸರಿಟ್ಟು ಮಾರುವ ಅಂಗಡಿಗೆ, ತಿಳಿದ ಗ್ರಾಹಕ ಎರಡನೆಯ ಸಲ ಕಾಲಿಡುವುದಿಲ್ಲ.

ಶಿಲುಬೆಯ ಕಲ್ಲು

ಆಂಡಲುಸೈಟ್‌ನ ಇನ್ನೊಂದು ಬಗೆ ಕಯಾಸ್ಟೊಲೈಟ್. ಸ್ಫಟಿಕ ಬೆಳೆಯುವಾಗ ಇಂಗಾಲದ ಕಪ್ಪು ಕಣಗಳು ಅದರೊಳಗೆ ಗೊತ್ತಾದ ರೇಖೆಗಳಲ್ಲಿ ಶೇಖರವಾಗುವುದರಿಂದ, ಅಡ್ಡಲಾಗಿ ಕೊಯ್ದಾಗ ಶಿಲುಬೆಯ ಆಕೃತಿ ಮೂಡುತ್ತದೆ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ಕ್ಷೇತ್ರದ ಯಾತ್ರಿಕರು ಇದನ್ನು ತಾಯಿತದಂತೆ ಕೊಂಡೊಯ್ಯುತ್ತಿದ್ದರು. ಪಾರದರ್ಶಕತೆಯಿಲ್ಲ, ಹೊಳಪು ಕಡಿಮೆ, ಗಡಸುತನವೂ ಶುದ್ಧ ಆಂಡಲುಸೈಟ್‌ಗಿಂತ ಕಡಿಮೆ. ಆದರೂ ಶತಮಾನಗಳಿಂದ ಅದು ಮಾರಾಟವಾಗುತ್ತಲೇ ಬಂದಿದೆ. ಒಂದೇ ಸ್ಫಟಿಕದ ಉದ್ದಕ್ಕೂ ಶಿಲುಬೆಯ ಗಾತ್ರ, ಆಕಾರ ಬದಲಾಗುತ್ತಾ ಹೋಗುತ್ತದೆ. ಬಿಲ್ಲೆಗಳನ್ನು ಕೊಯ್ದ ಕ್ರಮದಲ್ಲಿಯೇ ಜೋಡಿಸಿ ಒಂದು ಕಟ್ಟಾಗಿ ಮಾರಿದರೆ ಸಂಗ್ರಹಕಾರರು ಅದನ್ನು ವಿಶೇಷವಾಗಿ ಆಯ್ದುಕೊಳ್ಳುತ್ತಾರೆ. ಚೆಲ್ಲಾಪಿಲ್ಲಿಯಾದ ಬಿಲ್ಲೆಗಳಿಗೆ ಆ ಮನ್ನಣೆಯಿಲ್ಲ. ಕೊಯ್ಯುವ ಯಂತ್ರ ಅದೇ, ಶ್ರಮ ಅದೇ; ಕ್ರಮ ಕಾಪಾಡಿದ್ದಕ್ಕೆ ಮಾತ್ರ ಹೆಚ್ಚುವರಿ ಹಣ.

ತಾಯಿತದ ನಂಬಿಕೆಯ ಆಧಾರದ ಮೇಲೆ ಇಂತಹ ಕಲ್ಲುಗಳಿಗೆ ರೋಗ ವಾಸಿಮಾಡುವ ಗುಣವನ್ನು ಆರೋಪಿಸಿ ಜಾಹೀರಾತು ನೀಡುವ ವರ್ತಕರು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯನ್ನು ಮರೆಯಬಾರದು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಂಡ ತೆರಬೇಕಾದೀತು.

ಸಂಗ್ರಹಕಾರ ಕೊಳ್ಳುವುದು ಏನನ್ನು?

ಖನಿಜ ಸಂಗ್ರಹಕಾರನಿಗೆ ಕಲ್ಲಿನಷ್ಟೇ ಅದರ ಚೀಟಿಯೂ ಮುಖ್ಯ. ಯಾವ ಖನಿಜ, ಯಾವ ಗಣಿ ಅಥವಾ ಊರು, ಯಾವ ವರ್ಷ ದೊರೆತದ್ದು, ಹಿಂದೆ ಯಾರ ಸಂಗ್ರಹದಲ್ಲಿತ್ತು, ಮುರಿದು ಅಂಟಿಸಿದ್ದೇ ಎಂಬ ವಿವರಗಳು ಆ ಚೀಟಿಯಲ್ಲಿರಬೇಕು. ವಸ್ತುಸಂಗ್ರಹಾಲಯಗಳು ಮಾದರಿಯ ಮೂಲೆಯಲ್ಲಿ ಚಿಕ್ಕ ಸಂಖ್ಯೆಯೊಂದನ್ನು ಬರೆದು ಅದನ್ನು ದಾಖಲೆ ಪುಸ್ತಕಕ್ಕೆ ಹೊಂದಿಸಿಡುವುದು ಇದೇ ಕಾರಣಕ್ಕೆ. ಹರಳಿನ ಬಣ್ಣವನ್ನು ಯಾವಾಗ ಬೇಕಾದರೂ ಪರೀಕ್ಷಿಸಬಹುದು. ಆದರೆ ಒಮ್ಮೆ ಕಳೆದುಹೋದ ಊರಿನ ಹೆಸರನ್ನು ಪರೀಕ್ಷಾಲಯವು ಖಚಿತವಾಗಿ ಮರಳಿ ಕೊಡುವುದು ಬಹುತೇಕ ಅಸಾಧ್ಯ. ಕಯಾಸ್ಟೊಲೈಟ್ ಸ್ಪೇನಿನಲ್ಲಿಯೂ ದೊರೆಯುತ್ತದೆ, ಚಿಲಿಯಲ್ಲಿಯೂ ದೊರೆಯುತ್ತದೆ, ಚೀನಾದಲ್ಲಿಯೂ ದೊರೆಯುತ್ತದೆ. ಬಿಲ್ಲೆ ಮಾತ್ರ ಮಾತನಾಡುವುದಿಲ್ಲ.

ಈ ಸತ್ಯವನ್ನು ಲಾಭವಾಗಿ ಪರಿವರ್ತಿಸಿಕೊಂಡ ನಿದರ್ಶನ ನೆರೆಯ ಮಹಾರಾಷ್ಟ್ರದಲ್ಲಿದೆ. ಪುಣೆಯ ಬಳಿಯ ವಾಘೋಲಿಯ ಕಲ್ಲುಕ್ವಾರಿಗಳು ಜಲ್ಲಿಗಾಗಿ ಅಗೆದವು. ಅಲ್ಲಿನ ಕಪ್ಪು ಬಸಾಲ್ಟ್ ಶಿಲೆಯ ಪೊಟರೆಗಳಲ್ಲಿ ಗಾಢ ನೀಲಿಯ ಕ್ಯಾವನ್‌ಸೈಟ್ ಸ್ಫಟಿಕಗಳಿದ್ದವು. 1980ರ ದಶಕದ ಅಂತ್ಯದಿಂದ ಅವು ‘ವಾಘೋಲಿ, ಪುಣೆ’ ಎಂಬ ಚೀಟಿಯೊಂದಿಗೆ ಜಗತ್ತಿನ ಸಂಗ್ರಹಗಳನ್ನು ಸೇರಿದವು. 1955ರಲ್ಲಿ ಆರಂಭವಾದ ಅಮೆರಿಕದ ಟೂಸಾನ್ ಖನಿಜ ಪ್ರದರ್ಶನದಂತಹ ಮೇಳಗಳಲ್ಲಿ ಆ ಹಳ್ಳಿಯ ಹೆಸರೇ ಗುರುತಾಯಿತು. ಕ್ರಷರ್ ಯಂತ್ರಕ್ಕೆ ಬಿದ್ದಿದ್ದರೆ ಜಲ್ಲಿಯ ಬೆಲೆಗೆ ಹೋಗುತ್ತಿದ್ದ ಕಲ್ಲು ಅದು.

ಹಿತ್ತಲಿನ ಕಲ್ಲು

ಕರ್ನಾಟಕದ ವಿಷಯಕ್ಕೆ ಬಂದರೆ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನೆನಪಾಗುತ್ತದೆ. ಆಂಡಲುಸೈಟ್‌ನ ಸೋದರ ಖನಿಜವಾದ ಕಯನೈಟ್ ರಾಜ್ಯದ ಹಾಸನ, ಮೈಸೂರು ಭಾಗಗಳ ಪ್ರಾಚೀನ ಶಿಲೆಗಳಲ್ಲಿದೆ. ಹಸಿರು ಅಭ್ರಕವಾದ ಫುಕ್ಸೈಟ್‌ನಲ್ಲಿ ಕೆಂಪು ಮಾಣಿಕ್ಯ ಹುದುಗಿರುವ ಕಲ್ಲು ಕರ್ನಾಟಕದ ಹೆಸರಿನಲ್ಲಿಯೇ ವಿಶ್ವದ ಮಾರುಕಟ್ಟೆಗಳಲ್ಲಿ ಪರಿಚಿತವಾಗಿದೆ. ಅದರ ಮಾಣಿಕ್ಯದ ಸುತ್ತ ಅನೇಕ ವೇಳೆ ಕಾಣುವ ತಿಳಿನೀಲಿ ಅಂಚು ಕಯನೈಟ್‌ನದೇ. ಟಾಂಜಾನಿಯಾದ ಲಾಂಗಿಡೊ ಬಳಿಯ, ಹಸಿರು ಝೋಯಿಸೈಟ್‌ನಲ್ಲಿ ಮಾಣಿಕ್ಯವಿರುವ ಕಲ್ಲಿನೊಂದಿಗೆ ಇದು ಆಗಾಗ ಗೊಂದಲಕ್ಕೀಡಾಗುತ್ತದೆ. ಫುಕ್ಸೈಟ್ ಚಾಕುವಿನ ಮೊನೆಗೆ ಸುಲಭವಾಗಿ ಗೀರಿಸಿಕೊಳ್ಳುತ್ತದೆ, ಝೋಯಿಸೈಟ್ ಗೀರಿಸಿಕೊಳ್ಳುವುದಿಲ್ಲ ಎಂಬಷ್ಟು ಸರಳ ಪರೀಕ್ಷೆ ಸಾಕು.

ತೊಡಕಿರುವುದು ಚೀಟಿಯಲ್ಲಿ. ಈ ಕಲ್ಲುಗಳ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವ ಪದ ‘ಮೈಸೂರು’. ಅದು ಯಾವ ಮೈಸೂರು? 1973ರ ನವೆಂಬರ್ 1ರವರೆಗೆ ಇಡೀ ರಾಜ್ಯದ ಹೆಸರೇ ಮೈಸೂರು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಬೇರ್ಪಟ್ಟಿತು. ಹೀಗಿರುವಾಗ ಹಳೆಯ ಚೀಟಿಯ ‘ಮೈಸೂರು’ ನಗರವನ್ನೂ ಸೂಚಿಸಬಹುದು, ಜಿಲ್ಲೆಯನ್ನೂ ಸೂಚಿಸಬಹುದು, ಬೀದರಿನ ಗಡಿಯವರೆಗಿನ ಇಡೀ ರಾಜ್ಯವನ್ನೂ ಸೂಚಿಸಬಹುದು. ಸ್ಪೇನಿನ ಒಂದು ಹಳ್ಳಿಯ ಕಲ್ಲಿಗೆ ದೂರದ ಪ್ರಾಂತ್ಯದ ಹೆಸರು ಅಂಟಿಕೊಂಡಂತೆ, ಕರ್ನಾಟಕದ ಹಳ್ಳಿಯೊಂದರ ಕಲ್ಲಿನ ಗುರುತೂ ಹೀಗೆಯೇ ಅಳಿಸಿಹೋಗುತ್ತಿದೆ.

ಆಕ್ಷೇಪಗಳು ಮತ್ತು ಸಮಾಧಾನ

ಊರಿನ ಹೆಸರು ಬರೆದರೆ ಪ್ರತಿಸ್ಪರ್ಧಿ ನೇರವಾಗಿ ಅಲ್ಲಿಗೇ ಹೋಗುತ್ತಾನೆ ಎಂಬುದು ವರ್ತಕರ ಮೊದಲ ಆಕ್ಷೇಪ. ಇದು ಹುರುಳಿಲ್ಲದ ಮಾತೇನಲ್ಲ. ಆದರೆ ಜಮೀನಿನ ಸರ್ವೆ ನಂಬರನ್ನು ಯಾರೂ ಕೇಳುವುದಿಲ್ಲ. ಗ್ರಾಮ ಅಥವಾ ಹೋಬಳಿ, ತಾಲ್ಲೂಕು, ಜಿಲ್ಲೆ ನಮೂದಿಸಿದರೆ ಸಾಕು. ಮಾಲನ್ನು ತಡೆಯಿಲ್ಲದೆ ಒದಗಿಸುವ ಸಂಬಂಧ ಗಟ್ಟಿಯಾಗಿದ್ದರೆ ಊರಿನ ಹೆಸರು ತಿಳಿದ ಮಾತ್ರಕ್ಕೆ ವ್ಯಾಪಾರ ಕೈತಪ್ಪುವುದಿಲ್ಲ.

ಸಂಗ್ರಹಕಾರರ ಮಾರುಕಟ್ಟೆ ಚಿಕ್ಕದು, ಇಷ್ಟೆಲ್ಲ ಶ್ರಮಕ್ಕೆ ತಕ್ಕ ಪ್ರತಿಫಲವಿಲ್ಲ ಎಂಬುದು ಎರಡನೆಯ ಆಕ್ಷೇಪ. ಮಾರುಕಟ್ಟೆ ಚಿಕ್ಕದೆಂಬುದು ನಿಜ. ಆದರೆ ಸಣ್ಣ ಘಟಕಕ್ಕೆ ಬೇಕಾದದ್ದು ಸಣ್ಣ ಮಾರುಕಟ್ಟೆಯೇ. ಟನ್ನಿನ ಲೆಕ್ಕದಲ್ಲಿ ದೊಡ್ಡ ಗಣಿ ಕಂಪನಿಗಳೊಂದಿಗೆ ಸ್ಪರ್ಧಿಸುವುದು ಸಣ್ಣ ಉದ್ದಿಮೆದಾರರಿಗೆ ಸಾಧ್ಯವಿಲ್ಲ. ಒಂದು ಚೀಟಿ, ಒಂದು ಪೆಟ್ಟಿಗೆ, ಒಂದು ದಾಖಲೆ ಪುಸ್ತಕ ಇವುಗಳಿಗೆ ತಗಲುವ ವೆಚ್ಚವನ್ನು ಯಾವ ಘಟಕವಾದರೂ ಭರಿಸಬಲ್ಲದು.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕೆಲವು ಮಾಲಿನ ಮೂಲ ಹೇಳುವಂತಹುದಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು 31 ಖನಿಜಗಳನ್ನು ಉಪಖನಿಜಗಳೆಂದು ಘೋಷಿಸಿತು. ಕೊರಂಡಂ ಮತ್ತು ಫುಕ್ಸೈಟ್ ಕ್ವಾರ್ಟ್ಜೈಟ್ ಆ ಪಟ್ಟಿಯಲ್ಲಿದ್ದು, ಉಪಖನಿಜಗಳ ನಿಯಮ ರೂಪಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಮಾಣಿಕ್ಯವೂ ಕೊರಂಡಂನ ಒಂದು ಬಗೆಯೇ. ಪರವಾನಗಿ, ರಾಜಧನದ ರಸೀದಿ, ಸಾಗಣೆ ಪತ್ರ ಇದ್ದವರಿಗೆ ಊರಿನ ಹೆಸರು ಬರೆಯಲು ಭಯವಿರಬೇಕಿಲ್ಲ. ಇಲ್ಲದವರು ಬರೆಯಲು ಹಿಂಜರಿಯುವುದಾದರೆ, ಪ್ರಾಮಾಣಿಕ ವರ್ತಕರನ್ನು ಉಳಿದವರಿಂದ ಬೇರ್ಪಡಿಸುವ ಕೆಲಸವನ್ನೂ ಚೀಟಿಯೇ ಮಾಡಿದಂತಾಗುತ್ತದೆ.

ಆಗಬೇಕಾದದ್ದು

ಈ ಹಿನ್ನೆಲೆಯಲ್ಲಿ ಹರಳು ಮತ್ತು ಅಲಂಕಾರಿಕ ಕಲ್ಲಿನ ವರ್ತಕರು ಕೆಲವು ಶಿಸ್ತುಗಳನ್ನು ಸ್ವಯಂಪ್ರೇರಣೆಯಿಂದ ರೂಢಿಸಿಕೊಳ್ಳುವುದು ಒಳಿತು. ಖನಿಜದ ಹೆಸರು, ದೊರೆತ ಸ್ಥಳ, ತೂಕ, ಕೊಂಡ ದಿನಾಂಕ, ಮಾಡಿದ ಸಂಸ್ಕರಣೆ ಅಥವಾ ದುರಸ್ತಿ ಇವಿಷ್ಟನ್ನೂ ಪ್ರತಿ ಮಾದರಿಯ ಚೀಟಿಯಲ್ಲಿ ನಮೂದಿಸಬೇಕು. ಸ್ಥಳ ಗೊತ್ತಿಲ್ಲದಿದ್ದರೆ ‘ಮೂಲ ತಿಳಿದಿಲ್ಲ’ ಎಂದೇ ಬರೆಯಬೇಕು. ಊಹಿಸಿ ಬರೆದ ಊರಿಗಿಂತ ಖಾಲಿ ಜಾಗ ಮೇಲು. ಹಳೆಯ ಚೀಟಿಯಿದ್ದರೆ ಅದನ್ನು ಎಸೆಯದೆ ಹೊಸದರ ಜೊತೆಯಲ್ಲಿಯೇ ಇಡಬೇಕು. ಚೀಟಿಯ ಸಂಖ್ಯೆ ಬಿಲ್ಲಿನಲ್ಲಿಯೂ ಇರಬೇಕು.

ವಾಣಿಜ್ಯ ಮಂಡಳಿಗಳ ಪಾತ್ರವೂ ಇದರಲ್ಲಿದೆ. ಬಣ್ಣದ ಹರಳುಗಳ ಕೇಂದ್ರವಾದ ಜೈಪುರದಲ್ಲಿ 1972ರಲ್ಲಿಯೇ ಹರಳು ಪರೀಕ್ಷಾಲಯ ಆರಂಭವಾಯಿತು. ಅಷ್ಟು ದೊಡ್ಡ ವ್ಯವಸ್ಥೆ ಒಮ್ಮೆಲೇ ಆಗಬೇಕೆಂದಿಲ್ಲ. ಸದಸ್ಯರೆಲ್ಲರೂ ಬಳಸಬಹುದಾದ ಒಂದು ರಿಫ್ರ್ಯಾಕ್ಟೋಮೀಟರ್, ಎರಡು ಬಣ್ಣಗಳನ್ನು ಒಟ್ಟಿಗೆ ತೋರಿಸುವ ಡೈಕ್ರೋಸ್ಕೋಪ್, ಕನ್ನಡದಲ್ಲಿ ಅಚ್ಚಾದ ಮಾದರಿ ಚೀಟಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅಧಿಕಾರಿಗಳಿಂದ ನಿಯಮಗಳ ಕುರಿತು ಒಂದು ದಿನದ ತರಬೇತಿ ಇಷ್ಟು ಒದಗಿಸಿದರೂ ಉತ್ತಮ ಆರಂಭವಾಗುತ್ತದೆ.

ಆಂಡಲುಸೈಟ್‌ನ ಹೆಸರಿನಲ್ಲಿ ನಡೆದ ತಪ್ಪನ್ನು ಇನ್ನು ತಿದ್ದಲಾಗದು. ಕರ್ನಾಟಕದ ನೆಲದಿಂದ ನಾಳೆ ಹೊರಬರುವ ಕಲ್ಲಿಗೆ ಅದರ ಹಳ್ಳಿಯ ಹೆಸರನ್ನು ಇಂದೇ ಬರೆದಿಡಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಆ ಕೆಲಸ ನಡೆಯಬೇಕಾದದ್ದು ಕಲ್ಲು ಲಾರಿ ಏರುವ ಮುನ್ನ. ಏರಿದ ಮೇಲೆ ಅದು ಯಾರ ಕೈಯಲ್ಲಿಯೂ ಇರುವುದಿಲ್ಲ.