ಪ್ರಶಸ್ತಿಯ ಲೆಕ್ಕಕ್ಕೆ ಸಿಗದ ದೂಳು

ಬೇಲೂರಿನ ಶಿಲ್ಪಗಳ ಮೇಲೆ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳು ಇಂದಿಗೂ ಉಳಿದಿವೆ. ಆ ಬಳಪದ ಕಲ್ಲನ್ನು ನೆಲದಿಂದ ಎಬ್ಬಿಸಿದವರನ್ನು ಇತಿಹಾಸ ಮರೆತಿದೆ. ಆ ಮರೆವು ಇನ್ನೂ ಮುಗಿದಿಲ್ಲ.

ಗಣಿ ಸುರಕ್ಷತೆಯನ್ನು ಗೌರವಿಸಲು ಕೇಂದ್ರ ಸರ್ಕಾರವು 1983ರಲ್ಲಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಸ್ಥಾಪಿಸಿತು. ಉದ್ದೇಶ ಸ್ತುತ್ಯರ್ಹವೇ. ಆದರೆ ಅದರ ಅಳತೆಗೋಲು ಅಪಘಾತರಹಿತ ದುಡಿಮೆಯ ಅವಧಿ ಹಾಗೂ ಗಾಯಗಳ ಪ್ರಮಾಣ. ಗ್ರಾನೈಟ್ ಕೊರೆಯುವಾಗ ಏಳುವ ಸಿಲಿಕಾ ದೂಳು ಅಂದೇ ಗಾಯ ಮಾಡದು. ವರ್ಷಗಟ್ಟಲೆ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ. ಕಾಯಿಲೆ ಗೋಚರಿಸುವ ವೇಳೆಗೆ ಕಾರ್ಮಿಕರು ಊರು ಸೇರಿರುತ್ತಾರೆ, ಗಣಿಯ ದಾಖಲೆ ಶುಭ್ರವಾಗಿಯೇ ಇರುತ್ತದೆ. ಈ ರೋಗ ವಾಸಿಯಾಗುವಂಥದಲ್ಲ, ಬಾರದಂತೆ ತಡೆಯಬೇಕಷ್ಟೆ.

ತಡೆಯುವ ಉಪಾಯ ಸರಳ. ಕೊರೆಯುವ ತುದಿಗೆ ನೀರು ಹಾಯಿಸಿದರೆ ದೂಳು ಹುಟ್ಟಿದಲ್ಲೇ ಅಡಗುತ್ತದೆ. ನೀರಿಗೆ ತತ್ವಾರವಿರುವ ಅರಸೀಕೆರೆಯಂಥ ಬರದ ಸೀಮೆಗೆ ದೂಳು ಹೀರುವ ಯಂತ್ರ ಬೇಕು. ನಾವೀನ್ಯಕ್ಕೆ ಪುರಸ್ಕಾರ ಸಲ್ಲಬೇಕಾದುದು ಇಲ್ಲಿ.

ಸ್ಫೋಟಕ ಬಳಸುವ ಕಲ್ಲುಗಣಿ ಎಷ್ಟೇ ಚಿಕ್ಕದಿರಲಿ, 1952ರ ಗಣಿ ಕಾಯಿದೆಯಿಂದ ಅದಕ್ಕೆ ವಿನಾಯಿತಿ ಇರಲಿಲ್ಲ. ಆದರೂ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಸ್ಫೋಟಕಗಳಿಗೆ ಜೀವಬಲಿ ಕಂಡವು.

ಸಿಲಿಕೋಸಿಸ್ ಪೀಡಿತರಿಗಾಗಿ ರಾಜಸ್ಥಾನವು 2019ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು. ಹೊಯ್ಸಳರ ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಕರ್ನಾಟಕ ಸಂಭ್ರಮಿಸಿತು. ಕಲ್ಲಿಗೆ ಸಂದ ಗೌರವ ಕಲ್ಲೊಡೆಯುವವರಿಗೂ ಸಲ್ಲಬೇಡವೇ? ಸುರಕ್ಷತೆಯ ಪ್ರಶಸ್ತಿ ಕೊಡುವ ಮುನ್ನ, ಗಣಿ ಬಿಟ್ಟುಹೋದವರ ಎದೆಯ ಎಕ್ಸ್‌ರೇಯನ್ನೂ ಪರಿಶೀಲಿಸುವ ನಿಯಮ ಬರಲಿ.